ಗುಂಡಿ ಡಬ್ಬಿಯ ಹಸಿರು ಮಾತ್ರೆ

ರೀ,

ನಮ್ಮ ಆಮ್ನಾಳ ಸ್ಕೂಲ್ ಯೂನಿಫಾರ್ಮಿಗೆ ಗುಂಡಿ ಹಚ್ಚೋಣವೆಂದು ನಿನ್ನೆ ನಿಮ್ಮ ಹೊಲಿಗೆ ಮಷಿನ್ನಿನ ಡಬ್ಬಿ ತೆಗೆದೆ. ಗುಂಡಿಗಳ ಅಡಿಯಲ್ಲಿ ಹಸಿರು ಕ್ಯಾಪ್ಸೂಲಿನ ಪೊಟ್ಟಣ ಸಿಕ್ಕಿತು. ಅಷ್ಟು ಒಳ್ಳೆಯ ಔಷಧಿಯಾದರೆ ನನ್ನಿಂದ ಬಚ್ಚಿಟ್ಟದ್ದು ಯಾಕೆ?

"ಗಿಡಮೂಲಿಕೆ ಐತೆ, ಲಿವರ್ ತೊಳೀತೈತೆ, ಏನೂ ಆಗಂಗಿಲ್ಲ" ಎಂದು ನಿಮ್ಮ ವಾಕಿಂಗ್ ಗೆಳೆಯ ಮಾರುತಿ ಬಾಗಿಲಲ್ಲಿ ನಿಂತು ಹೇಳಿದ್ದು ನನಗೂ ಕೇಳಿಸಿತ್ತು. ಅವರೇನು ಡಾಕ್ಟರಾ? ಪೊಟ್ಟಣದ ಮೇಲೆ ಕಂಪನಿ ಹೆಸರಿಲ್ಲ, ತಾರೀಖೂ ಇಲ್ಲ. ನಿಮ್ಮ ಲಿವರ್ ರಿಪೋರ್ಟ್ ಕೆಟ್ಟದಾಗಿ ಬಂದದ್ದು ಇದನ್ನು ನುಂಗುವ ಮೊದಲೋ, ಆಮೇಲೋ? ಈ ಸಲವಾದರೂ ನಿಜ ಹೇಳಿ.

ಆ ಮಾತ್ರೆ ಮತ್ತು ರಿಪೋರ್ಟ್ ಹಿಡಿದು ದಾವಣಗೆರೆಗೆ, ಎಂ.ಸಿ.ಸಿ. ಬಡಾವಣೆಯ ನಮ್ಮ ಡಾಕ್ಟರ ಹತ್ತಿರ ಹೊರಟಿದ್ದೇನೆ. ಡಬ್ಬಿಯಲ್ಲಿ ಹುಡುಕಬೇಡಿ. ಶುಗರ್ ಮಾತ್ರೆ ಮಾತ್ರ ಬಿಡಬೇಡಿ. ಮಂಡಕ್ಕಿ ಒಗ್ಗರಣೆ ಮುಚ್ಚಿಟ್ಟಿದ್ದೇನೆ, ತಿನ್ನಿ.

"ಅವ್ರು ಏನೇನ್ ತಗೊಂತಾರೋ ಎಲ್ಲಾ ಬರ್ಕೊಂಡ್ ಬರ್ರಿ, ಒಂದೂ ಬಿಡಬ್ಯಾಡ್ರಿ" ಎಂದು ಕ್ಲಿನಿಕ್ಕಿನ ಸಿಸ್ಟರ್ ಫೋನಿನಲ್ಲಿ ಹೇಳಿದರು. ನಿಮ್ಮದನ್ನೆಲ್ಲ ಬರೆದ ಮೇಲೆ ನನ್ನ ಪೆನ್ನು ನಿಂತುಬಿಟ್ಟಿತು. ಎರಡು ತಿಂಗಳಿಂದ ಚಹಾ ಕಹಿ ಎಂದು ನೀವು ಗೊಣಗುತ್ತಿದ್ದದ್ದು ಸುಳ್ಳಲ್ಲ. ಲಿವರಿಗೆ ಒಳ್ಳೆಯದೆಂದು ಯಾರೋ ಕೊಟ್ಟ ಪುಡಿಯನ್ನು ನಿಮಗೆ ಹೇಳದೆ ಅದರಲ್ಲಿ ಬೆರೆಸುತ್ತಿದ್ದೆ. ಅದನ್ನೂ ಬರೆದಿದ್ದೇನೆ.

ಇವತ್ತು ಚಹಾ ನೀವೇ ಮಾಡಿಕೊಳ್ಳಿ.

ನುಜತ್