ಹಾಲಿನ ಕವರಿನೊಳಗಿನ ಡಬ್ಬಿ

ಮಂಗೋರ್ ಹಿಲ್, ವಾಸ್ಕೊ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ದೇವಪ್ಪ ಕಾಕಾ,

ಹಂಗಲ್ಲ ಅದು, ನನ್ನ ಮಾತು ಇನ್ನೂ ಮುಗದಿದ್ದಿಲ್ಲ. ದವಾಖಾನಿ ಮೆಟ್ಟಲ ಮ್ಯಾಲ ಕುಂತು "ತಪ್ಪೆಲ್ಲಾ ನಂದ ಐತಿ ಅಶ್ವಿನಿ" ಅಂದಿ, ಟವೆಲ್ ಜಾಡಿಸಿ ಎದ್ದು ಹೋದಿ. ಮರುದಿನ ನೋಡಿದ್ರ ವಾಸ್ಕೊನೂ ಬಿಟ್ಟಿ, ಫೋನ್ ಬಂದ್, ಮನಿ ಗ್ರೂಪಿನಿಂದನೂ ಎಕ್ಸಿಟ್. ಮೊದ್ಲ ಹೇಳು, ಆರಾಮ ಅದಿಯಿಲ್ಲೋ? ಘಟ್ಟದ ಬುಡಕ್ಕ ಆ ಮೊಲೆಂ ಊರಾಗ ಮಳಿ ಜೋರಂತ, ಮೊಣಕಾಲು ನೋಯಾಕತ್ತಾವೇನು? ಆ ಪಂಕ್ಚರ್ ಅಂಗಡ್ಯಾಗ ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗತೈತೇನು? ಲಾರಿ ಓಡಸೋ ಅಪ್ಪಾಸಾಬ ಮಾಮಾ ನಿನ್ನ ಅಲ್ಲಿ ನೋಡೇನಿ ಅಂದ, ಅದಕ್ಕ ಅವನ ಕೈಯಾಗ ಈ ಪತ್ರ ಕೊಡಾಕತ್ತೇನಿ. ಪೆನ್ನಿನಿಂದ ಇಷ್ಟುದ್ದ ಬರದು ನನಗ ರೂಢಿ ಇಲ್ಲ, ಇಮೋಜಿ ಎಲ್ಲಿ ಹಾಕ್ಲಿ ಅಂತ ಎರಡ ಸಲ ಹುಡುಕಿದೆ. ನಗಬ್ಯಾಡ.

ನಿನ್ನ ಜೋಡಿದಾರ ಇಮಾಮಹುಸೇನ ಕಾಕಾ ದವಾಖಾನಿ ಬಿಟ್ಟು ಮನಿಗೆ ಬಂದಾನ. ಜೀವಕ್ಕ ಧೋಕಾ ಇಲ್ಲ ಅಂದಾರ ಡಾಕ್ಟರು. ಆದ್ರ ನಮ್ಮ ಗುಡ್ಡದ ಮೆಟ್ಟಲ ಹತ್ತಾಕ ಐದ ಸಲ ನಿಲ್ಲತಾನ. "ಹಗ್ಗಾ ಜಗ್ಗಿ ನನ್ನ ಉಳಿಸಿದಾಂವ ಎಲ್ಲಿ ಅದಾನ? ಮೈಮ್ಯಾಲಿನ ಮೀನಿನ ನಾತಾ ತೊಳಕೊಳ್ಳಾಕ ಹೋಗ್ಯಾನೇನು?" ಅಂತ ದಿನಾ ಕೇಳತಾನ. ನಾನೂ ನಕ್ಕೆ, ಆಮ್ಯಾಲ ಅಡಗಿಮನಿಗೆ ಹೋಗಿ ಅತ್ತೆ.

ನಾ ಸಣ್ಣಾಕಿ ಇದ್ದಾಗಿಂದ ನಿನ್ನ ಫ್ಯಾನ್, ಗೊತ್ತೈತಲ್ಲ ನಿನಗ. ಮೀನಿನ ಕಾರ್ಖಾನಿ ಹೊಲಸ ನೀರಿನ ಟಾಕಿ ತೊಳ್ಯಾಕ ನೀವಿಬ್ರು ಹೋದಾಗೆಲ್ಲಾ ನನಗ ಹೆದರಿಕಿ. ಅಲ್ಲಿ ಹುಟ್ಟೋ ವಿಷದ ಗಾಳಿ ಮೊದಲ ನಾರತೈತಿ, ಆಮ್ಯಾಲ ಮೂಗ ಸತ್ತಂಗಾಗಿ ನಾತಾನೂ ತಿಳಿಯಂಗಿಲ್ಲ. ಅದಕ್ಕ ಡಿಪ್ಲೊಮಾ ಪ್ರಾಜೆಕ್ಟಿಗೆ ಆ ಡಬ್ಬಿ ಮಾಡಿದೆ. ಗಾಳಿ ಕೆಟ್ಟರ ಕೂಗಬೇಕು, ಅಷ್ಟ. ಸೆನ್ಸರ್ ಹುಚ್ಚರ ಗ್ರೂಪಿನ್ಯಾಗ ದಿನಾ ಕೇಳಿ ಕೇಳಿ ಕಲತೆ. ನಿಮ್ಮ ಮುಕಾದಮ ಪರಮೇಶಪ್ಪನ್ನ ಕಾಡಿ ಬೇಡಿ, ಅದನ್ನ ಟಾಕಿಗೆ ಒಯ್ಯಾಕ ಒಪ್ಪಿಸಿದೆ.

ನಿನ್ನ ಕೈಯಾಗ ಕೊಡುವಾಗ ಏನ್ ಹೇಳಿದೆ? "ನೀರ ತಾಗಸಬ್ಯಾಡ ಕಾಕಾ, ತುಟ್ಟಿದೈತಿ." ಉಳದದ್ದೆಲ್ಲಾ ಇಂಗ್ಲಿಷಿನ್ಯಾಗ ನಾಕ ಪುಟದ ಪಿಡಿಎಫ್ ಮಾಡಿ ಕಳಿಸಿದೆ, ಭಾಳ ಶಾಣ್ಯಾಕಿ ನಾ. ನಮ್ಮ ಮನ್ಯಾಗ ತುಟ್ಟಿ ಸಾಮಾನಿಗೆ ಏನ ಮಾಡತೇವಿ? ಟಿವಿ ರಿಮೋಟಿಗೆ ಕವರ್, ಬ್ಯಾಟರಿಗೆ ಕವರ್, ಮಳಿಗಾಲದಾಗ ನಿನ್ನ ಮೊಬೈಲಿಗೂ ಕವರ್. ನೀ ಹಾಲಿನ ಪಾಕೀಟ ತೊಳದು ಒಣಗಿಸಿ, ಡಬ್ಬಿ ಅದರಾಗಿಟ್ಟು, ರಬ್ಬರ್ ಬ್ಯಾಂಡ್ ಎರಡ ಸುತ್ತು ಬಿಗದು ಇಮಾಮಹುಸೇನ ಕಾಕಾನ ನಡಕ್ಕ ಕಟ್ಟಿದಿ. "ನಮ್ಮ ಹುಡುಗಿ ಮಾಡಿದ್ದು, ಹೊಲಸ ಆಗಬಾರದು" ಅಂದ್ಯಂತ. ಕವರಿನೊಳಗ ಗಾಳಿ ಹೋಗಲಿಲ್ಲ, ಡಬ್ಬಿ ಕೂಗಲಿಲ್ಲ. ಅದು ಸುಮ್ನ ಐತಿ ಅಂತನ ಇಬ್ರೂ ಧೈರ್ಯಾ ಮಾಡಿದ್ರಿ. ಮೊದಲಿನಂಗಿದ್ರ ಕಣ್ಣ ಉರದ ಕೂಡ್ಲೆ ಅಂವ ಮ್ಯಾಲ ಹತ್ತಿ ಬರತಿದ್ದ. ಅವತ್ತ ಡಬ್ಬಿ ನಂಬಿ ಒಳಗ ನಿಂತ, ಎಚ್ಚರ ತಪ್ಪಿ ಬಿದ್ದ.

ಈಗ ಹೊಸಾ ಡಬ್ಬಿ ಮಾಡೇನಿ. ಅದಕ್ಕ ಜಾಳಿಗಿ ಹಚ್ಚೇನಿ, ನೀರ ಸಿಡದ್ರೂ ನಡೀತೈತಿ. ಮ್ಯಾಲ ಕನ್ನಡದಾಗ "ಮುಚ್ಚಬ್ಯಾಡ್ರಿ" ಅಂತ ಬರದೇನಿ. ಮನಷ್ಯಾ ಇಳಿಯೂಕಿಂತ ಮೊದಲ ಹಗ್ಗಕ್ಕ ಕಟ್ಟಿ ಡಬ್ಬೀನ ಇಳಿಬಿಟ್ಟು ನೋಡಬೇಕು. ಇದೆಲ್ಲಾ ಆಗಲೇ ಮಾಡಾಕ ಬರತಿತ್ತು, ನಿನ್ನ ಕೇಳಿದ್ರ. ಒಂದ ದಿನಾನೂ ಟಾಕಿ ಹತ್ರ ಬಂದು ನೀವು ಹೆಂಗ ಕೆಲಸಾ ಮಾಡತೀರಿ ಅಂತ ನೋಡಲಿಲ್ಲ ನಾ.

ನಿಮ್ಮವ್ವ ಸುಂದರವ್ವ ನಿನಗ ಆಶೀರ್ವಾದ ಬರಿ ಅಂದಾಳ, ಬೈಗಳಾನೂ ಕೂಡಿಸಿ ಬರಿ ಅಂದಾಳ. ಬೈಗಳಾ ಬಿಟ್ಟೇನಿ.

ನಿನ್ನ
ಅಶ್ವಿನಿ

ತಾ.ಕ.: ಅಪ್ಪಾಸಾಬ ಮಾಮಾ ಹಾರ್ನ್ ಹೊಡ್ಯಾಕತ್ತಾನ, ಖರೇದ್ದು ಈಗ ಬರೀತೇನಿ. ಆ ದಿನ ಮುಂಜಾನಿ ಕವರ್ ಸುತ್ತಿದ ಡಬ್ಬಿ ಫೋಟೋ ನೀ ನನಗ ಕಳಿಸಿದ್ದಿ. ನಾ ನೋಡಿದ್ದೆ ಕಾಕಾ. ಕವರ್ ಕಾಣಸ್ತು. ಎಷ್ಟು ಪ್ರೀತಿಲೆ ಸುತ್ಯಾನ, ಕವರ್ ತಗಿ ಅಂತ ಸಂಜಿಗೆ ಹೇಳಿದ್ರಾತು ಅಂತ ಹಾರ್ಟ್ ಹಾಕಿದೆ, ಮನಿ ಗ್ರೂಪಿಗೆ ಫಾರ್ವರ್ಡ್ ಮಾಡಿದೆ, ಯಾರ್ಯಾರು ಲೈಕ್ ಮಾಡ್ಯಾರ ನೋಡಕೋತ ಕುಂತೆ. ಅದಾಗಿ ಒಂದ ತಾಸಿಗೆ ಇಮಾಮಹುಸೇನ ಕಾಕಾ ಟಾಕಿಗೆ ಇಳದ. ಬುಧವಾರ ಕಾರ್ಖಾನ್ಯಾಗ ಇದರ ವಿಚಾರಣಿ ಐತಿ. ತಪ್ಪು ನಿಂದಂತ ಪರಮೇಶಪ್ಪ ಬರದು ಕೊಟ್ಟಾನ. ನಾ ಆ ಫೋಟೋ ತೋರಸಾಕಿ, ನನ್ನ ಹಾರ್ಟ್ ಸಮೇತ. ತಪ್ಪೆಲ್ಲಾ ಒಬ್ಬನ ಹೊತಗೊಂಡು ಓಡಿಹೋಗೋ ಧೈರ್ಯಾ ನಿನಗಿತ್ತು. ಅವತ್ತ ನನ್ನ ಮಗ್ಗಲಕ ಬಂದು ನಿಂದರೋ ಧೈರ್ಯಾ ಐತೇನು?