ಒಂದು ತೊಟ್ಟೂ ಎಣ್ಣೆಯಿಲ್ಲದ ಎರಡು ವರ್ಷ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವುದಿಲ್ಲ ತಾನೇ? ಮಾತ್ರೆ ತಗೊಂಡೆಯಾ ಅಂತ ಕೇಳುವುದಿಲ್ಲ. ಕೇಳಿದರೆ "ಬಂದಳಪ್ಪಾ ಇನ್ಸ್‌ಪೆಕ್ಟರಮ್ಮ" ಅನ್ನುತ್ತೀಯ. ನಾನು ಚೆನ್ನಾಗಿದ್ದೇನೆ ಅಂತ ಬರೆದು ಹೊಡೆದುಹಾಕಿದೆ. ಚೆನ್ನಾಗಿಲ್ಲ. ನೀನು ಅಣ್ಣನ ಮನೆಗೆ ಹೋಗಿ ಐದು ತಿಂಗಳಾಯಿತು, ಈ ಮನೆಯಲ್ಲಿ ನನ್ನನ್ನು ಗೇಲಿ ಮಾಡುವವರೇ ಇಲ್ಲ.

ಮೊನ್ನೆ ಅಣ್ಣ ಫೋನ್ ಮಾಡಿ, "ಅಪ್ಪನ ಕೈ ನೋಡ್ಬೇಕು ನೀನು, ಒಂದು ಬಿರುಕಿಲ್ಲ" ಅಂದ. ಅತ್ತಿಗೆ ವಾರಕ್ಕೆರಡು ಸಲ ಮೀನು ಮಾಡುತ್ತಾಳಂತೆ, ಸಂಜೆ ನಾಲ್ಕು ಅಕ್ರೋಟು ಕೊಡುತ್ತಾಳಂತೆ, ತರಕಾರಿಗೆ ಹದವಾಗಿ ಎಣ್ಣೆ ಹಾಕುತ್ತಾಳಂತೆ. ಸಂತೋಷವಾಯಿತು. ಫೋನ್ ಇಟ್ಟ ಮೇಲೆ ಪಾತ್ರೆ ತೊಳೆಯುತ್ತಾ ಬಿಕ್ಕಿ ಬಿಕ್ಕಿ ಅತ್ತೆ. ಎರಡೂ ನಿಜ.

ನಿನಗೆ ಎದೆನೋವು ಬಂದಾಗ ಡಾಕ್ಟರು ಹೇಳಿದ್ದು "ಎಣ್ಣೆ ಕಡಿಮೆ ಮಾಡಿ" ಅಂತ. ಅಮ್ಮನನ್ನು ಅದೇ ಕಾಯಿಲೆಗೆ ಕಳೆದುಕೊಂಡಿದ್ದ ನನಗೆ ಆ "ಕಡಿಮೆ" ಕಿವಿಗೇ ಬೀಳಲಿಲ್ಲ. ಅವತ್ತೇ ಎಣ್ಣೆ ಡಬ್ಬಿ, ಬೆಣ್ಣೆ, ಕಡಲೆಬೀಜ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದೆ. ಮೀನು, ಮೊಟ್ಟೆ ಬಂದ್. ಎರಡು ವರ್ಷ ನೀರಲ್ಲಿ ಬೇಯಿಸಿದ್ದೇ ನಿನಗೆ ಗತಿ. "ಇದು ಊಟಾನೋ, ಬಟ್ಟೆ ಒಗೆದ ನೀರೋ" ಅಂತ ನೀನು ರೇಗಿಸಿ, ಆಮೇಲೆ ತಟ್ಟೆ ಖಾಲಿ ಮಾಡುತ್ತಿದ್ದೆ. ನನ್ನ ಮನಸ್ಸು ನೋಯಬಾರದು ಅಂತ ತಿಂದೆ, ನನಗೆ ಗೊತ್ತು.

ಮೊದಲು ಮೊಣಕಾಲ ಕೆಳಗೆ ಚರ್ಮ ಹೊಟ್ಟಿನಂತೆ ಉದುರಿತು. ಆಮೇಲೆ ಬೆರಳ ತುದಿಗಳು ಒಡೆದವು. ಪುಸ್ತಕ ಬೈಂಡ್ ಮಾಡುವವನಿಗೆ ಬೆರಳೇ ಬಂಡವಾಳ. ಹೊಲಿಯುವ ದಾರ ನಿನ್ನ ಬಿರುಕುಗಳಿಗೇ ಸಿಕ್ಕಿಕೊಳ್ಳುತ್ತಿತ್ತು. ನೀನು ಅಂಟಿನ ಮೇಲೆ ಅನುಮಾನಪಟ್ಟು ಮೂರು ಬಗೆಯ ಅಂಟು ಬದಲಾಯಿಸಿದೆ. ನಾನು ಮಹಾ ಬುದ್ಧಿವಂತೆ, ಆಲಿವ್ ಎಣ್ಣೆ ತಂದು ದಿನಾ ಬೆಳಿಗ್ಗೆ ನಿನ್ನ ಕೈಗೆ ತಿಕ್ಕಿದೆ. ಹೊಟ್ಟೆಗೆ ಬೇಡವಾದ ಎಣ್ಣೆ ಕೈಗೆ! ಉರಿ ಇನ್ನೂ ಹೆಚ್ಚಾಯಿತು. ಬೈಂಡಿಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರ ನಿಘಂಟಿನ ಬಿಳಿ ಹಾಳೆಗೆ ನಿನ್ನ ರಕ್ತ ಹತ್ತಿದ ದಿನ, ಆ ಹಾಳೆ ತೆಗೆದು ಹೊಸದು ಹಾಕಿಕೊಟ್ಟು ಮನೆಗೆ ಬಂದು, "ವಯಸ್ಸಾಯ್ತು ಕಣೇ, ಈ ಕೈ ಇನ್ನು ಕೆಲಸಕ್ಕಾಗಲ್ಲ" ಅಂದೆ. ವಾರದೊಳಗೆ ಪ್ರೆಸ್ಸು, ರಟ್ಟು ಕತ್ತರಿಸುವ ಯಂತ್ರ ಎಲ್ಲ ಪರರ ಪಾಲಾಯಿತು. ನಲವತ್ತೊಂದು ವರ್ಷದ ಅಂಗಡಿ ಅದು.

ಚರ್ಮದ ಡಾಕ್ಟರ ಹತ್ತಿರ ನಾನೊಬ್ಬಳೇ ಹೋಗಿ ಕೇಳಿದೆ. ತಾಳ್ಮೆಯ ಹೆಂಗಸು. ಚರ್ಮದ ತೇವ ಆರಿಹೋಗದಂತೆ ತಡೆಯುವ ಕೊಬ್ಬು ಒಳಗೇ ಇರುತ್ತದಂತೆ. ಅದಕ್ಕೆ ಬೇಕಾದ ಲಿನೋಲಿಕ್ ಆಮ್ಲ ಅನ್ನುವ ಕೊಬ್ಬಿನಂಶವನ್ನು ಮೈ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕಂತೆ. ಮೀನು, ಅಗಸೆ ಬೀಜದಲ್ಲಿ ಇನ್ನೊಂದು ಬಗೆಯ ಕೊಬ್ಬಿದೆ, ಅದು ಚರ್ಮದ ಉರಿಯೂತ ತಗ್ಗಿಸಲು ನೆರವಾಗಬಹುದಂತೆ. ಹಚ್ಚುವ ಎಣ್ಣೆಗಳೂ ಎಲ್ಲ ಒಂದೇ ಅಲ್ಲ. ಸೂರ್ಯಕಾಂತಿ ಎಣ್ಣೆ ಒಣಚರ್ಮಕ್ಕೆ ಒಗ್ಗಬಹುದು. ಆಲಿವ್ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ ಅನ್ನುವ ಬೇರೆ ಕೊಬ್ಬಿನಂಶ ಜಾಸ್ತಿ, ಅದು ಒಡೆದ ಚರ್ಮವನ್ನು ಇನ್ನಷ್ಟು ಸಡಿಲ ಮಾಡುತ್ತದಂತೆ. "ಹೃದಯಕ್ಕೂ ಒಳ್ಳೆ ಕೊಬ್ಬು ಬೇಕಮ್ಮಾ, ಮಿತವಾಗಿ ಕೊಡಿ" ಅಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಈಗ ಅಡುಗೆಮನೆಗೆ ಎಲ್ಲ ತಂದಿಟ್ಟಿದ್ದೇನೆ, ತಿನ್ನುವವನಿಲ್ಲ. ಅಣ್ಣ ನಿನ್ನನ್ನು ಅಲ್ಲೇ ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ಬೇಡ ಅನ್ನಲು ನನಗೆ ಮುಖವಿಲ್ಲ. ಆದರೂ ನೀನು ಬರಬೇಕು ಅಂತ ಆಸೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು, ಅವಳ ಕೈಗೆ ಇನ್ನೊಂದು. ನಿನ್ನ ಕಾಲಿಗೆ ಬಿದ್ದು ಮುಗಿಸುತ್ತೇನೆ.

ನಿನ್ನ ಮಗಳು

ಮತ್ತೆ: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಾನು ಚರ್ಮದ ಡಾಕ್ಟರ ಹತ್ತಿರ ಹೋದದ್ದು ನೀನು ಹೊರಟ ಮೇಲಲ್ಲ. ಅಂಗಡಿ ಮುಚ್ಚುವುದಕ್ಕೆ ನಾಲ್ಕು ತಿಂಗಳು ಮೊದಲೇ ಹೋಗಿದ್ದೆ. ನಿನಗೆ ಏನೇನು ತಿನ್ನಿಸಬೇಕು ಅಂತ ಅವರು ಚೀಟಿ ಬರೆದುಕೊಟ್ಟಿದ್ದರು. ಎಣ್ಣೆ ಕೊಟ್ಟರೆ ಅಮ್ಮನ ಹಾಗೆ ನೀನೂ ಹೋಗಿಬಿಡುತ್ತೀಯ ಅನ್ನುವ ಭಯಕ್ಕೆ ಅದನ್ನು ಹರಿದುಹಾಕಿದೆ. ಕೈಗೆ ಹಚ್ಚುವುದನ್ನು ಮಾತ್ರ ನಿಲ್ಲಿಸಿದೆ. ತಟ್ಟೆಗೆ ಏನೂ ಹಾಕಲಿಲ್ಲ. ನೀನು ರಕ್ತ ಒರೆಸಿಕೊಳ್ಳುವುದನ್ನು ನೋಡುತ್ತಾ ಸುಮ್ಮನಿದ್ದೆ. ನಿನ್ನ ಕೈ ಕೆಡಿಸಿದ್ದು ವಯಸ್ಸಲ್ಲ ಅಪ್ಪಾ, ನಾನು. ಬೈಯುವುದಕ್ಕಾದರೂ ಒಮ್ಮೆ ಬಾ.