ಪೈಪಿನ ತಿರುಪು ಬಿಚ್ಚಿದವನು ನಾನು

ನಮ್ಮ ವಸತಿ ಕಟ್ಟಡದ ಆಡಳಿತಾಧಿಕಾರಿಗಳೇ,

ಉತ್ತರ ಧ್ರುವದಿಂದ ಈಚೆಗೆ ಮನೆ ಬೆಚ್ಚಗಿಡುವ ಪೈಪುಗಳ ಗುಟ್ಟು ನನ್ನಷ್ಟು ಬಲ್ಲವನು ಹುಟ್ಟಿಲ್ಲ. ಹೆಲ್ಸಿಂಕಿಯ ಇಂಜಿನಿಯರುಗಳು ನನ್ನನ್ನು ಕೇಳದೆ ಒಂದು ನಟ್ಟನ್ನೂ ಬಿಗಿಯುವುದಿಲ್ಲ. ಅಂಥ ನಾನು ಹೇಳುತ್ತಿದ್ದೇನೆ: ಕಟ್ಟಡ ನೋಡಿಕೊಳ್ಳುವ ತೈಸ್ತೊನನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯುವ ನಿಮ್ಮ ಆದೇಶ ಶುದ್ಧ ಅನ್ಯಾಯ.

"ಕರ್ತವ್ಯಲೋಪ" ಎಂದು ಮೆಟ್ಟಿಲ ಬಳಿ ಅಂಟಿಸಿದ್ದೀರಿ. ಎಂಥ ಘನವಾದ ಪದ! ಮೈನಸ್ ಹದಿನೆಂಟರ ಚಳಿಯಲ್ಲಿ ಮೇಲಿನ ಎರಡು ಮಹಡಿಗಳು ಎರಡು ದಿನ ಮಂಜುಗಡ್ಡೆಯಾದಾಗ ತಾವು ಒಮ್ಮೆಯಾದರೂ ಬಂದು ಮನೆ ಕಾಯಿಸುವ ರೇಡಿಯೇಟರ್ ಮುಟ್ಟಿ ನೋಡಿದಿರಾ? ನಿವಾಸಿಗಳ ದೂರನ್ನು ಕಣ್ಣುಮುಚ್ಚಿ ನಂಬಿದಿರಿ. ಅದರಲ್ಲಿ ಮೊದಲ ಸಹಿ ಯಾರದು? ನನ್ನದೇ.

ಐದನೇ ಮಹಡಿಯ ಹಿಲ್ಕಳ ಮನೆಯಲ್ಲಿ ಪೈಪುಗಳು ವಾರದಿಂದ ಟಣಟಣ ಬಡಿದುಕೊಳ್ಳುತ್ತಿದ್ದವು. ಶುಕ್ರವಾರ ಕಟ್ಟಡದ ಹಬೆಕೋಣೆ ಸೌನಾದಲ್ಲಿ ಗಂಡಸರ ಸರದಿ. ಬೆವರೊರೆಸುತ್ತ ನಾನು ಆ ಸದ್ದನ್ನು ಅಡಗಿಸುವುದಾಗಿ ಸಾರಿದೆ.

"ಬೇಡಿ ಅಣ್ಣ," ಎಂದ ತೈಸ್ತೊ. "ನೀರಿನ ಒತ್ತಡ ಇಳಿದಿದೆ. ಸೋಮವಾರ ಕೆಳಗೆ ನೀರು ತುಂಬಿಸ್ಕೊಂಡು ಆಮೇಲೆ ಪೈಪಲ್ಲಿ ಸಿಕ್ಕಿರೋ ಗಾಳಿ ನಾನೇ ತೆಗೀತೀನಿ."

"ನೀನು ಹುಟ್ಟೋ ಮೊದ್ಲೇ ನಾನು ಪೈಪು ಬಿಚ್ಚಿದೀನಿ ಕಣೋ!"

ಮರುದಿನ ಹಿಲ್ಕ ಕಾಫಿ ಕೊಟ್ಟು, "ನಿನ್ ಬಾಯಿಗಿಂತ ಈ ಪೈಪೇ ವಾಸಿ, ಇಲ್ಮರಿ. ಊಟದ ಹೊತ್ತಿಗಾದ್ರೂ ಸುಮ್ನಾಗುತ್ತೆ," ಎಂದಳು. ರೋಷಕ್ಕೆ ಬಲವಾಗಿ ತಿರುಗಿಸಿದೆ. ರೇಡಿಯೇಟರಿನ ಗಾಳಿ ಬಿಡುವ ತಿರುಪು ಕಿತ್ತು ಕೈಗೇ ಬಂತು. ಕಪ್ಪು ನಾರುವ ನೀರು ಗೋಡೆಗೆ ಚಿಮ್ಮಿತು. ಯಾರಿಗೂ ಹೇಳದಂತೆ ಹಿಲ್ಕಳಿಂದ ಆಣೆ ಹಾಕಿಸಿಕೊಂಡು, ಹೊರಗಿನ ರಿಪೇರಿಯವನನ್ನು ಕದ್ದು ಕರೆಸಿ ತೂತು ಮುಚ್ಚಿಸಿದೆ. ಹೋದ ನೀರಿನ ವಿಷಯ ತೈಸ್ತೊನಿಗೆ ಹೇಳಲಿಲ್ಲ. ಉಳಿದ ಬಿಸಿನೀರು ಮೇಲಕ್ಕೆ ಏರದೆ, ರಾತ್ರಿಯ ಹೊತ್ತಿಗೆ ಮೇಲಿನ ರೇಡಿಯೇಟರುಗಳೆಲ್ಲ ಸತ್ತವು. ಸದ್ದೇನೋ ನಿಂತಿತು. ಹಿಲ್ಕ ಕೋಟು ಹಾಕಿಕೊಂಡೇ ಮಲಗಿದಳು. ದೂರು ಬರೆಯುವಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನೂ ನಾನೇ.

ನಿನ್ನೆ ಆದೇಶ ಓದಿ ನಿಂತಿದ್ದ ತೈಸ್ತೊ ನನ್ನನ್ನು ಕಂಡು ಕೇಳಿದ್ದು ಒಂದೇ ಮಾತು: "ನಿಮ್ಮನೆ ಬೆಚ್ಚಗಾಯ್ತಾ ಅಣ್ಣ?"

ಹೂಂ ಎಂದು ಒಳಗೆ ಹೋದೆ. ಬಚ್ಚಿಟ್ಟಿದ್ದ ರಸೀದಿಯನ್ನು ಹೊರತೆಗೆದೆ.

ಆದ್ದರಿಂದ ಆ ಆದೇಶವನ್ನು ಇಂದೇ ಕಿತ್ತುಹಾಕಿ, ಅದೇ ಜಾಗದಲ್ಲಿ ಈ ಪತ್ರವನ್ನು ಅಂಟಿಸತಕ್ಕದ್ದು. ಸಾಕ್ಷಿಗೆ ರಿಪೇರಿಯವನ ರಸೀದಿ ಲಗತ್ತಿಸಿದ್ದೇನೆ; ಶನಿವಾರದ ದಿನಾಂಕ, ಗಂಟೆ, ಹಿಲ್ಕಳ ಮನೆ ಸಂಖ್ಯೆ ಎಲ್ಲವೂ ಅದರಲ್ಲಿವೆ.

ಇಂತಿ,
ತಲೆ ತಗ್ಗಿಸಿದ ಇಲ್ಮರಿ, ನಾಲ್ಕನೇ ಮಹಡಿ;
ಆ ರಿಪೇರಿಗೆ ಹೆಂಡತಿಗೆ ಅರವತ್ತು ಎಂದು ಹೇಳಿ, ನಿಜಕ್ಕೂ ಆರುನೂರ ನಲವತ್ತು ಯೂರೋ ತೆತ್ತವನು